ನೂರಹತ್ತು ವೋಲ್ಟಿನ ವರ್ಗಾವಣೆ

ದಿನಕರನ ಕೊರಳಿಗೆ ಉರುಳಾದದ್ದು ಅವನ ಬಿ.ಎಸ್ಸಿ. ಡಿಗ್ರಿ. ಕೊಚ್ಚಿಯ ಮಟ್ಟಾಂಚೇರಿಯ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿದ್ದ ಅವನಿಗೆ ಅಂತೂ ಇಂತೂ ಮಂಗಳೂರಿಗೆ ವರ್ಗವಾಗಿತ್ತು. ಅಲ್ಲಿ ಹೆಂಡತಿ ಸುಮಿತ್ರ, ಅವನಿನ್ನೂ ಮುಖ ನೋಡದ ಮಗು. ರಾತ್ರಿಯ ರೈಲಿಗೆ ಟಿಕೇಟೂ ಆಗಿತ್ತು. ಮ್ಯಾನೇಜರ್ ಶ್ರೀಕಂಠಯ್ಯನವರು ಬಿಡುಗಡೆ ಪತ್ರಕ್ಕೆ ಸಹಿ ಹಾಕುವುದೊಂದೇ ಬಾಕಿ.

ಅವರೋ, ಬಂದರಿನ ಹರಾಜಿನಲ್ಲಿ ಹಿಡಿದ ಅಮೆರಿಕದ ಇಂಟರ್‌ಕಾಮ್ ಪೆಟ್ಟಿಗೆಯನ್ನು ಮುದ್ದಿಸುತ್ತ ಕೂತಿದ್ದರು. ಮಹಡಿಯಿಂದ ಕೆಳಗಿನ ಕೌಂಟರಿಗೆ ಕೂಗಿ ಕೂಗಿ ಅವರ ಗಂಟಲು ಬಿದ್ದುಹೋಗಿತ್ತು.

"ಇದು ನೂರಹತ್ತು ವೋಲ್ಟಿಂದಂತೆ ಕಣಯ್ಯ. ನಮ್ಮ ಕರೆಂಟು ಇನ್ನೂರಮೂವತ್ತು. ನೀನು ಫಿಸಿಕ್ಸ್ ಓದಿದವನು, ನಮ್ಮ ಕರೆಂಟಿಗೆ ಒಗ್ಗಿಸಿಕೊಟ್ಟು ಹೊರಡು."

"ಸರ್, ನಾನು ಓದಿದ್ದು ಬರೀ ಪುಸ್ತಕ..."

"ಸಾಯಂಕಾಲದೊಳಗೆ."

ವೋಲ್ಟೇಜು ಇಳಿಸುವ ಟ್ರಾನ್ಸ್‌ಫಾರ್ಮರಿಗಾಗಿ ದಿನಕರ ಬಾಲ ಸುಟ್ಟ ಬೆಕ್ಕಿನಂತೆ ಅಲೆದ. ಬೋಟು ಹತ್ತಿ ಎರ್ನಾಕುಲಕ್ಕೆ ಹೋಗಿ ಬರಿಗೈಯಲ್ಲಿ ಬಂದ. ಕ್ಯಾಷಿಯರ್ ವಿಠಲ, "ವೈರಿನ ನಡುವೆ ಒಂದು ಬಲ್ಬು ಸಿಕ್ಕಿಸಿ, ಸಾಕು" ಎಂದ. ಎಷ್ಟು ವ್ಯಾಟಿನದೆಂದು ಕೇಳಿದರೆ, "ಒಳ್ಳೇ ಕಂಪನಿಯದ್ದು" ಎಂದ.

ಟೈಪಿಸ್ಟ್ ಚಂದ್ರಾವತಿ ಹಣೆ ಚಚ್ಚಿಕೊಂಡಳು. "ನಿಮಗೆ ಮರುಳಾ ಮಾರಾಯ್ರೆ? ಕೆಲಸ ಬರುವವರನ್ನು ಯಾರಾದ್ರೂ ಬಿಡ್ತಾರಾ? ಆ ಪೆಟ್ಟಿಗೆಯನ್ನು ಸುಟ್ಟು ಹಾಕಿ. ಕೈಲಾಗದವ ಅಂತ ಇವತ್ತೇ ಅಟ್ತಾರೆ!"

ದಿನಕರನಿಗೆ ಜ್ಞಾನೋದಯವಾಯಿತು. ಅಂಗಡಿಬೀದಿಯಲ್ಲಿ ದೀಪ ಹತ್ತುವ ಹೊತ್ತಿಗೆ ಮಹಡಿಗೆ ಹೋಗಿ, "ರೆಡಿ ಸರ್" ಎಂದು, ಕಣ್ಣು ಮುಚ್ಚಿ, ಪ್ಲಗ್ಗನ್ನು ನೇರವಾಗಿ ಗೋಡೆಗೇ ಚುಚ್ಚಿದ.

ಹೊಗೆ ಬರಲಿಲ್ಲ. ಪೆಟ್ಟಿಗೆ ಕೊಂಚ ಹೊತ್ತು ಗುಂಯ್‌ಗುಟ್ಟಿತು. ಆಮೇಲೆ ಕೆಳಗೆ ಕೌಂಟರಿನಲ್ಲಿಟ್ಟಿದ್ದ ಅದರ ಜೋಡಿಯ ಮುಂದೆ ಕೂತಿದ್ದ ವಿಠಲನ ಕೆಮ್ಮು ಅದರೊಳಗಿಂದ ಸ್ಪಷ್ಟವಾಗಿ ಕೇಳಿಸಿತು.

ಕಣ್ಣು ಬಿಟ್ಟರೆ ತಲೆಯ ಮೇಲಿನ ಬಲ್ಬು ಮಿಣುಕುಹುಳದಷ್ಟೇ ಬೆಳಗುತ್ತಿತ್ತು. ಬೀದಿಯ ದೀಪ ಫ್ಯಾನುಗಳೆಲ್ಲ ಒಟ್ಟಿಗೆ ಎಳೆದು ಕರೆಂಟು ಅರ್ಧಕ್ಕರ್ಧ, ನೂರಹತ್ತರ ಆಸುಪಾಸಿಗೆ, ಇಳಿದುಬಿಟ್ಟಿತ್ತು. ಅಮೆರಿಕದ ಪೆಟ್ಟಿಗೆಗೆ ತವರಿಗೇ ಬಂದಂತಾಗಿತ್ತು.

"ಭೇಷ್!" ಶ್ರೀಕಂಠಯ್ಯ ಬಿಡುಗಡೆ ಪತ್ರವನ್ನು ಡ್ರಾಯರಿಗೆ ತಳ್ಳಿದರು. "ನಿನ್ನಂಥವನನ್ನ ಮಂಗಳೂರಿಗೆ ಕೊಡಕ್ಕೆ ನನಗೇನು ಹುಚ್ಚೇ?"

ದಿನಕರನಿಗೆ ಅಳುವೇ ಬಂತು. ಅಷ್ಟರಲ್ಲಿ ಕರೆಂಟಿಗೆ ಮತ್ತೆ ಜೀವ ಬಂತು. ಬಲ್ಬು ಝಗ್ಗೆಂದಿತು; ಪೆಟ್ಟಿಗೆ ಒಮ್ಮೆ ಕಿರುಚಿ, ಹೊಗೆ ಬಿಟ್ಟು, ಸುಮ್ಮನಾಯಿತು.

ಅವನಿಗೆ ಕುಣಿಯುವಷ್ಟು ಸಂತೋಷ. "ಹೋಯ್ತು ಸರ್! ಪೂರಾ ಸುಟ್ಟುಹೋಯ್ತು! ಇನ್ನು ನನ್ನಿಂದ ಎಂತ ಉಪಯೋಗ ಉಂಟು? ಸಹಿ ಹಾಕಿ!"

ಶ್ರೀಕಂಠಯ್ಯ ಪ್ರೀತಿಯಿಂದ ಅವನ ಬೆನ್ನು ತಟ್ಟಿದರು.

"ಹೆದರಬೇಡವಯ್ಯ. ಇದನ್ನ ಮಾತಾಡಿಸಿದವನಿಗೆ ರಿಪೇರಿ ಯಾವ ಲೆಕ್ಕ? ನಿಧಾನವಾಗಿ ಮಾಡು. ಈಗ ನಿನಗೇನು ರೈಲು ಹಿಡಿಯೋದಿದೆಯಾ?"