ಕರೆಂಟಿನ ಬೈರಿಗೆಗೊಂದು ಹಿಡಿ

ಹೆಂಡತಿಯನ್ನು ಕಳೆದುಕೊಂಡ ಗಂಡಸಿನ ಮಾತಿಗೆ ಊರಿನಲ್ಲಿ ಯಾರೂ ಎದುರಾಡುವುದಿಲ್ಲ. ಈ ಸಂಗತಿ ನನಗೆ ತಿಳಿದದ್ದು ನಾನು ಅಂಥ ಗಂಡಸಾದ ಮೇಲೆ. ಕೆಲಸಕ್ಕೆ ತಡವಾಗಿ ಹೋದರೆ ಮೇಸ್ತ್ರಿ ಆಕಾಶ ನೋಡುತ್ತಾನೆ. ಅಂಗಿಯ ಗುಂಡಿಗಳನ್ನು ಮೇಲೆ ಕೆಳಗೆ ಹಾಕಿಕೊಂಡು ಹೊರಟರೆ ಎದುರಿಗೆ ಬಂದವರು ಅದನ್ನು ಹೇಳುವ ಬದಲು ಒಂದು ನಿಟ್ಟುಸಿರು ಬಿಟ್ಟು ಹೋಗುತ್ತಾರೆ. ಸಂಜೆಯವರೆಗೂ ನಾನು ಹಾಗೆಯೇ ಓಡಾಡಿಕೊಂಡಿರುತ್ತೇನೆ. ಮೊದಮೊದಲು ಇದರಿಂದ ಬೇಸರವಾಗುತ್ತಿತ್ತು. ಆಮೇಲೆ ಇದರಲ್ಲಿ ಒಂದು ಸೌಕರ್ಯವೂ ಇದೆ ಎಂದು ಗೊತ್ತಾಯಿತು. ಎಂಥ ಹಟ ಮಾಡಿದರೂ ಜನ ಅದನ್ನು ದುಃಖವೆಂದೇ ತಿಳಿಯುತ್ತಾರೆ. ಆ ಸೌಕರ್ಯವನ್ನು ನಾನು ಎಂಟು ತಿಂಗಳು ಧಾರಾಳವಾಗಿ ಉಪಯೋಗಿಸಿಕೊಂಡೆ. ಉಪಯೋಗಿಸಿಕೊಂಡದ್ದು ಅರ್ಧ ಗೇಣಿನ ಒಂದು ಮರದ ತುಂಡಿಗಾಗಿ. ಅದೂ ನನ್ನ ಕೈಗೇ ಸರಿಹೋಗದ ತುಂಡು.

ನಾನು ಮಾಲೂರಿನ ಒಂದು ಹೆಂಚಿನ ಕಾರ್ಖಾನೆಯಲ್ಲಿ ಮರಗೆಲಸದ ಕೊಟ್ಟಿಗೆಯವನು. ಹಸಿ ಹೆಂಚುಗಳನ್ನು ಒಣಗಲು ಇಡುವ ಅಟ್ಟಣಿಗೆಗಳಿಗೆ ಹಲಗೆ ಜೋಡಿಸುವುದು, ಬೋಲ್ಟು ಹಾಕಲು ತೂತು ಕೊರೆಯುವುದು, ಇದೇ ಕೆಲಸ. ಹಿಂದೆ ಕೈಬೈರಿಗೆಯನ್ನು ತಿರುವಿ ತಿರುವಿ ಕೊರೆಯುತ್ತಿದ್ದೆವು. ನಿಧಾನವಾದರೂ ಅದರಲ್ಲಿ ನಾವು ತಿರುವುವುದು, ಅದು ತಿರುಗುವುದು ಎಂಬ ಮರ್ಯಾದೆ ಇತ್ತು. ಯುದ್ಧ ಮುಗಿದ ಮೇಲೆ ಬೆಂಗಳೂರಿನ ದಂಡಿನಲ್ಲಿ ಮಿಲಿಟರಿಯವರು ಹಳೆಯ ಸಾಮಾನುಗಳನ್ನು ಮಾರಿದಾಗ ನಮ್ಮ ಸಾಹುಕಾರರು ಒಂದು ಕರೆಂಟಿನ ಬೈರಿಗೆಯನ್ನು ಗೋಣಿಚೀಲದಲ್ಲಿ ಸುತ್ತಿ ರೈಲಿನಲ್ಲಿ ತಂದರು. ಮೂರು ವರ್ಷದ ಮಗುವಿನಷ್ಟು ಭಾರ, ಎತ್ತಿಕೊಂಡ ಕೂಡಲೇ ಆ ಮಗುವಿನ ಹಾಗೆಯೇ ಕಿರುಚಾಟ. ಬಲಗೈ ಹಿಂದಿನ ಹಿಡಿಯ ಮೇಲಿರಬೇಕು, ಗುಂಡಿ ಒತ್ತುವುದಕ್ಕೆ. ಎಡಗೈ ಪಕ್ಕಕ್ಕೆ ಚಾಚಿಕೊಂಡ ಇನ್ನೊಂದು ಹಿಡಿಯ ಮೇಲಿರಬೇಕು, ಅದು ಅಲುಗದಂತೆ ತಡೆಯುವುದಕ್ಕೆ. ಈ ಪಕ್ಕದ ಹಿಡಿ ಒನಕೆಯಷ್ಟು ದಪ್ಪ. ಸುತ್ತ ಹಿಡಿದರೆ ನನ್ನ ಹೆಬ್ಬೆರಳಿಗೂ ಉಳಿದ ಬೆರಳುಗಳಿಗೂ ಮುಖಪರಿಚಯವೇ ಆಗುತ್ತಿರಲಿಲ್ಲ. ಮರದಲ್ಲಿ ಗಂಟು ಸಿಕ್ಕಿತೆಂದರೆ ಬೈರಿಗೆಯ ಮೊನೆ ಅಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ. ಅದರ ಬದಲು ಮಿಷನ್ನು ತಿರುಗುತ್ತದೆ, ಮಿಷನ್ನಿನ ಜೊತೆಗೆ ಮಣಿಕಟ್ಟು ತಿರುಗುತ್ತದೆ. ಅದನ್ನು ಮಾಡಿದವನ ಮೇಲೆ ನನಗೆ ಕೋಪವಿಲ್ಲ. ವಿಲಾಯತಿಯಲ್ಲೆಲ್ಲೋ ಕುಳಿತು ಅವನು ತನ್ನ ಕೈಯನ್ನು ನೋಡಿಕೊಂಡು ಮಾಡಿದ್ದಾನೆ. ವಕ್ಕಲೇರಿಯವನಾದ ನನ್ನ ಕೈ ಹೇಗಿದೆಯೆಂದು ಅವನಿಗೆ ಕಾಗದ ಬರೆದವರು ಯಾರು?

ನಮ್ಮ ಕಡೆ ಕುಡುಗೋಲಿಗೆ ಹಿಡಿ ಹಾಕಿಸಬೇಕಾದರೆ ಕೊಯ್ಯುವವರೇ ಆಚಾರಿಯ ಮುಂದೆ ಹೋಗಿ ಮುಷ್ಟಿ ತೋರಿಸಬೇಕು. ಒಬ್ಬರ ಪರವಾಗಿ ಇನ್ನೊಬ್ಬರು ಹೋದರೆ ಆಚಾರಿ ಮಾಡಿಕೊಡುವುದಿಲ್ಲ. ನಮ್ಮಜ್ಜಿ ತನ್ನ ಕುಡುಗೋಲನ್ನು ಸೊಸೆಯರಿಗೂ ಮುಟ್ಟಗೊಡುತ್ತಿರಲಿಲ್ಲ. “ನಿಮ್ ಕೈಗೆ ಅದು ಕೋಪ ಮಾಡ್ಕೊಳ್ತದೆ” ಅನ್ನುತ್ತಿದ್ದಳು. ಅಜ್ಜಿಯ ಮೇಲೂ ಅದು ಆಗಾಗ ಕೋಪ ಮಾಡಿಕೊಂಡದ್ದರ ಗುರುತುಗಳು ಅವಳ ಎಡಗೈಯ ಬೆರಳುಗಳ ಮೇಲೆ ಇದ್ದವು. ಅದನ್ನು ನಾವು ಕೇಳುತ್ತಿರಲಿಲ್ಲ.

ನನ್ನ ಹೆಂಡತಿ ಗೌರಮ್ಮ ಹುತ್ತೂರಿನವಳು. ಅವರ ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದರು. ಹಿಪ್ಪುನೇರಳೆ ಕೊಯ್ಯುವ ಕತ್ತಿಗಳಿಗೂ ಇದೇ ಪದ್ಧತಿ. ಹೀಗಾಗಿ ಒಂದು ದಿನ ನನ್ನ ಅಂಗೈಯ ಬೊಬ್ಬೆಗಳಿಗೆ ಬೆಣ್ಣೆ ಹಚ್ಚುತ್ತ ಅವಳು ಕೇಳಿದಳು:

“ಅಲ್ಲಾ ರೀ, ಆ ಮಿಷನ್ನಿಗೆ ಕೈಯಳತೆ ಕೊಟ್ಟೋರು ಯಾರು?”

“ಯಾರೋ ದೊರೆ ಕಣೇ.”

“ದೊರೆ ಬಂದು ತೂತು ಹಾಕ್ತಾನಾ? ಹಾಕೋರು ನೀವು ತಾನೆ? ಒಂದ್ ಉಂಡೆ ಜೇಡಿಮಣ್ಣು ತನ್ನಿ. ಅದನ್ನ ಹಿಡಿದು ಗುರುತು ಮೂಡಿಸಿ ಗಂಗಾಚಾರ್ರಿಗೆ ಕೊಟ್ರೆ ಅದೇ ಅಳತೇಲಿ ಹಿಡಿ ಕೆತ್ತಿಕೊಡ್ತಾರೆ.”

ಹೆಂಚಿನ ಕಾರ್ಖಾನೆಯಲ್ಲಿ ಹಿಮ್ಮಡಿ ಮುಳುಗುವಷ್ಟು ಜೇಡಿಮಣ್ಣಿನಲ್ಲಿ ದಿನವಿಡೀ ನಡೆದಾಡುವವನು ನಾನು. ಮೂರು ದಿನ ಮರೆತು ಬಂದೆ. ನಾಲ್ಕನೆಯ ದಿನ ಊಟಕ್ಕೆ ಕುಳಿತಾಗ ಅವಳು ಆಗತಾನೆ ಕಟ್ಟಿದ ರಾಗಿಮುದ್ದೆಯನ್ನು ಉದ್ದಕ್ಕೆ ಹೊಸೆದು ನನ್ನ ಎಡಗೈಗೆ ಇಟ್ಟಳು.

“ಹಿಡೀರಿ.”

“ಅಯ್ಯೋ, ಸುಡ್ತದೆ ಕಣೇ!”

“ಸುಡ್ಲಿ. ಕರೆಂಟು ಬಂದದೆ ಅಂತ ತಿಳ್ಕೊಂಡು ಗಟ್ಟಿಯಾಗಿ ಹಿಡೀರಿ. ಮಗೂನ ಹಿಡಿದ ಹಾಗೆ ಹಿಡಿದ್ರೆ ಆಚಾರ್ರಿಗೆ ಏನ್ ತಿಳೀತದೆ?”

ಹೇಳಿ, ನನ್ನ ಬೆರಳುಗಳ ಮೇಲೆ ತನ್ನ ಎರಡೂ ಕೈಗಳನ್ನಿಟ್ಟು ಒತ್ತಿದಳು. ಆಮೇಲೆ ಒಂದು ಚಿಟಿಕೆ ಮುದ್ದೆಯನ್ನು ಕಣ್ಣಿಗೊತ್ತಿಕೊಂಡು, “ತಪ್ಪಾಯ್ತು ತಾಯಿ, ಅನ್ನದಲ್ಲಿ ಆಟ ಆಡಿದ್ದಲ್ಲ, ಕೆಲಸದ ಮೇಲೆ ಮಾಡಿದ್ದು” ಎಂದು ಕೇಳಿಕೊಂಡಳು. ನನ್ನ ಕೈ ಸುಟ್ಟದ್ದಕ್ಕೆ ಯಾರನ್ನೂ ಏನೂ ಕೇಳಿಕೊಳ್ಳಲಿಲ್ಲ.

ಆ ಮುದ್ದೆಯನ್ನು ಬಿಸಿಲಿನಲ್ಲಿಟ್ಟು, ಕಾಗೆ ಮುಟ್ಟದಂತೆ ಪಕ್ಕದಲ್ಲೇ ಕುಳಿತು, ಒಂದು ವಾರ ಒಣಗಿಸಿದಳು. ಅದು ಕಲ್ಲಿನಂತಾದ ಮೇಲೆ ಗಂಗಾಚಾರಿಗೆ ತಲುಪಿಸಿದೆ. ಗಂಗಾಚಾರಿ ನಂಬಿಕೆಯ ಮನುಷ್ಯ. ಕೊಟ್ಟ ಅಳತೆಗೆ ಕೂದಲೆಳೆಯಷ್ಟು ಕೂಡ ಹೆಚ್ಚು ಕಡಿಮೆ ಮಾಡುವವನಲ್ಲ. ಆ ಗುಣವೇ ತೊಂದರೆಗೆ ಬಂತು. ಒಣಗಿದ ಮುದ್ದೆ ಕುಗ್ಗುತ್ತದೆ ಎಂಬುದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಹಸಿ ಹೆಂಚು ಒಣಗಿದಾಗ ಕುಗ್ಗುತ್ತದೆಂದು ಅಚ್ಚನ್ನು ಒಂದಿಷ್ಟು ದೊಡ್ಡದಾಗಿಯೇ ಮಾಡಬೇಕು. ಕಾರ್ಖಾನೆಯಲ್ಲಿ ಕಸ ಗುಡಿಸುವವಳಿಗೂ ಗೊತ್ತಿರುವ ವಿಷಯ. ನನಗೂ ಗೊತ್ತಿತ್ತು. ಆದರೆ ಅದು ಹೆಂಚಿನ ವಿಷಯ, ಇದು ಮುದ್ದೆಯ ವಿಷಯ. ಹಿಡಿ ಬಂತು. ಹೊನ್ನೆಯ ಮರದ್ದು, ನುಣ್ಣಗೆ ಹೊಳೆಯುತ್ತಿತ್ತು, ಬೆರಳಿಗೊಂದೊಂದು ಸೊಗಸಾದ ತಗ್ಗು. ಮೂರು ಬೆರಳು ಇಕ್ಕಟ್ಟಿನಲ್ಲಿ ಕುಳಿತವು. ಕಿರುಬೆರಳು ತುಂಬಿದ ಬಸ್ಸಿನ ಬಾಗಿಲಿನಲ್ಲಿ ಜೋತುಬಿದ್ದವನ ಹಾಗೆ ಹೊರಗೇ ಉಳಿಯಿತು.

ಸಂಜೆ ಮನೆಗೆ ಹೋದರೆ ಗೌರಮ್ಮ ಹೊಸಿಲಲ್ಲೇ ನಿಂತಿದ್ದಳು. “ಹೇಗದೆ?” ಅಂದಳು. ಅವಳ ಮುಖ ನೋಡಿ, “ಅಳತೆ ಹಿಡಿದ ಹಾಗಿದೆ” ಅಂದೆ. ಅಲ್ಲಿಂದ ಎರಡು ವರ್ಷ ಆ ಸುಳ್ಳಿಗೆ ನಾನು ನಿಷ್ಠನಾಗಿದ್ದೆ. ಅವಳು ಬೀದಿಯ ಹೆಂಗಸರಿಗೆಲ್ಲ ಹೇಳಿಕೊಂಡು ಬಂದಳು. ನೀರು ಸೇದುವ ಬಾವಿಯ ಹತ್ತಿರ ಯಾರಾದರೂ ಸೌದೆ ಕೊಡಲಿಯ ಹಿಡಿಯ ಮಾತೆತ್ತಿದರೆ ಸಾಕು, “ನಮ್ಮೋರ ಮಿಷನ್ನಿಗೆ ನಾನೇ ಅಳತೆ ಕೊಡ್ಸಿದ್ದು” ಎಂದು ಶುರುಮಾಡುತ್ತಿದ್ದಳು. ನಾನು ಕೊಟ್ಟಿಗೆಯಲ್ಲಿ ಆ ಹಿಡಿಯನ್ನು ಶಪಿಸುತ್ತಿದ್ದೆ, ಮನೆಯಲ್ಲಿ ಹೊಗಳುತ್ತಿದ್ದೆ. ಸಂಸಾರವೆಂದರೆ ಬಹಳ ಮಟ್ಟಿಗೆ ಇದೇ ಎಂದು ನನ್ನ ಅಭಿಪ್ರಾಯ.

ಹೋದ ಮಾಗಿಯಲ್ಲಿ ಅವಳಿಗೆ ಜ್ವರ ಬಂತು. ಐದು ದಿನ. ಅದರ ವಿಚಾರವಾಗಿ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ನಾನು ಮತ್ತೆ ಕೆಲಸಕ್ಕೆ ಹೋಗುವ ಹೊತ್ತಿಗೆ ನನ್ನ ಜಾಗದಲ್ಲಿ ಮುನಿಯಪ್ಪ ಬೈರಿಗೆ ಹಿಡಿದು ನಿಂತಿದ್ದ. ಶ್ರೀನಿವಾಸಪುರದ ಕಡೆಯವನು, ಮನೆಯಲ್ಲಿ ತೆಲುಗು, ಕಾರ್ಖಾನೆಯಲ್ಲಿ ಕನ್ನಡ, ಪೆಟ್ಟಾದಾಗ ಎರಡೂ. ಅಂಗೈ ಮುತ್ತುಗದ ಎಲೆಯಷ್ಟು ಅಗಲ. ಅಲ್ಲಿಂದ ಒಂದು ಹೊತ್ತು ಅವನು, ಒಂದು ಹೊತ್ತು ನಾನು ಎಂದಾಯಿತು. ಎರಡನೆಯ ದಿನವೇ ಅವನು ಕೇಳಿದ:

“ಅಣ್ಣೋ, ಈ ಹಿಡಿ ಯಾರದು? ಚಿಕ್ಕ ಮಕ್ಕಳ ಬುಗುರಿ ಹಿಡ್ಕೊಂಡಂಗದೆ. ಈ ತಗ್ಗುಗಳನ್ನ ಸ್ವಲ್ಪ ಉಜ್ಜಿ ಅಗಲ ಮಾಡ್ಲಾ?”

“ಮುಟ್ಟಬೇಡ” ಎಂದೆ. ಮೇಸ್ತ್ರಿ ಅವನನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ ಏನೋ ಹೇಳಿದ. ಮುನಿಯಪ್ಪ ತಲೆ ತಗ್ಗಿಸಿಕೊಂಡು ಬಂದು ಬೈರಿಗೆ ಎತ್ತಿಕೊಂಡ. ಎರಡು ವರ್ಷ ನಾನೇ ಶಪಿಸಿದ ಹಿಡಿಗೆ ಈಗ ನಾನೇ ಪೂಜಾರಿಯಾದೆ. ಮೂಲ ವಿಲಾಯತಿ ಹಿಡಿಯನ್ನು ಹುಡುಕಿ ಹಾಕೋಣವೆಂದರೆ ಅದನ್ನು ಯಾರೋ ಎತ್ತಿನಗಾಡಿಗೆ ಗೂಟ ಮಾಡಿಕೊಂಡಿದ್ದರು. ಬೇರೆ ಮಾಡಿಸೋಣವೆಂದರೆ ನಾನು ಒಪ್ಪಲಿಲ್ಲ. “ಅದರಲ್ಲಿ ಅವಳ ಕೈ ಇದೆ” ಅನ್ನುತ್ತಿದ್ದೆ. ಯಾರೂ ಎದುರಾಡಲಿಲ್ಲ. ಅದರಲ್ಲಿ ಮುನಿಯಪ್ಪನ ಕೈಯೂ ಇರಬೇಕಾಗಿದೆ ಎಂಬುದನ್ನು ನನಗೆ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ನನಗೆ ನಾನೇ ಹೇಳಿಕೊಳ್ಳುವಷ್ಟು ಬುದ್ಧಿಯೂ ಬರಲಿಲ್ಲ.

ಆಷಾಢದಲ್ಲಿ ಒಂದು ದಿನ ಹಲಗೆಯಲ್ಲಿ ಗಂಟು ಸಿಕ್ಕಿತು. ಮಿಷನ್ನು ತಿರುಗಿತು. ಸಣ್ಣ ಹಿಡಿ ಮುನಿಯಪ್ಪನ ಮುಷ್ಟಿಯಿಂದ ಜಾರಿ, ಸುತ್ತಿ ಬಂದು ಅವನ ಎಡ ಮಣಿಕಟ್ಟಿಗೆ ಹೊಡೆಯಿತು. ಎರಡೂ ಭಾಷೆಗಳು ಒಟ್ಟಿಗೆ ಬಂದವು. ಮೂಳೆ ಮುರಿಯಲಿಲ್ಲ, ಆದರೆ ಕೈ ಬದನೆಕಾಯಿಯಂತೆ ಊದಿತು. ನಾನು ಹತ್ತಿರ ಹೋದರೆ ಅವನು ನನಗೇ ಸಮಾಧಾನ ಹೇಳಿದ: “ಏಂ ಚೇಸೇದಿ ಅಣ್ಣಾ, ಏನ್ ಮಾಡೋದು, ನನ್ ಗ್ರಹಚಾರ. ಹಿಡೀದಲ್ಲ ತಪ್ಪು.”

ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಅವನು ಮರದ ಕೆಳಗೆ ಗೋಡೆಯ ಕಡೆ ತಿರುಗಿ ಕುಳಿತಿದ್ದ. ಏನು ಮಾಡುತ್ತಿದ್ದಾನೆಂದು ನೋಡಿದೆ. ಒಂದೇ ಕೈಯಲ್ಲಿ ಬುತ್ತಿಯ ಬಟ್ಟೆಯ ಗಂಟು ಬಿಚ್ಚಲಾಗದೆ ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಿದ್ದ. ಆ ಗಂಟನ್ನು ನಾನು ಬಿಚ್ಚಿಕೊಟ್ಟೆ. ಬಿಚ್ಚುವಾಗ ನನ್ನ ಕಿರುಬೆರಳು ಅಭ್ಯಾಸದಿಂದ ಹೊರಗೆ ಚಾಚಿಕೊಂಡೇ ಇತ್ತು. ಗೌರಮ್ಮ ಬದುಕಿದ್ದು ಆ ಮಣಿಕಟ್ಟನ್ನು ನೋಡಿದ್ದರೆ ಆ ಹಿಡಿಯನ್ನು ಅವಳೇ ಒಲೆಗೆ ಹಾಕುತ್ತಿದ್ದಳು. ಇದು ನನಗೆ ಹೊಳೆಯಲು ಎಂಟು ತಿಂಗಳು ಬೇಕಾಯಿತು.

“ಭಾನುವಾರ ಮನೆಗೆ ಬಾರಲೇ. ನಿನ್ನ ಕೈಯಳತೆ ಬೇಕು” ಎಂದೆ.

“ಮಣ್ಣು ತರ್ಲಾ ಅಣ್ಣಾ?”

“ಬೇಡ. ಮುದ್ದೆ ಮಾಡಿರ್ತೀನಿ” ಎಂದೆ. ಹಿಡಿ ಬದಲಾಗಲಿ, ವಿಧಾನ ಬದಲಾಗಕೂಡದು. ಅದು ನನ್ನ ಕೊನೆಯ ಹಟ. ಗಂಗಾಚಾರಿಯೂ ಒಪ್ಪಿ, “ಈ ಸಲ ಒಣಗಿಸಬೇಡಿ ಮಾರಾಯ್ರೇ, ಹಸೀದೇ ತನ್ನಿ” ಎಂದ. ಈ ಮಾತನ್ನು ಮೊದಲ ಸಲವೇ ಹೇಳಿದ್ದರೆ ಏನಾಗುತ್ತಿತ್ತೋ.

ಭಾನುವಾರ ಮಧ್ಯಾಹ್ನ ಮುನಿಯಪ್ಪ ಬಂದ. ಊತ ಇಳಿದಿತ್ತು. ನಾನು ಬೆಳಗಿನಿಂದ ಎಸರಿನೊಂದಿಗೆ ಹೋರಾಡಿ ಮೂರು ಮುದ್ದೆ ಕಟ್ಟಿದ್ದೆ. ಅವನು ಹಲಗೆಯ ಮೇಲಿದ್ದದ್ದನ್ನು ಸ್ವಲ್ಪ ಹೊತ್ತು ನೋಡಿ, “ಇದು ಸಂಗಟೀನಾ ಅಣ್ಣಾ?” ಎಂದ. ಅವರ ಮನೆಮಾತಿನಲ್ಲಿ ಮುದ್ದೆಗೆ ಸಂಗಟಿ. “ಗೂಡಿಗೆ ಹಾಕಿ ಸುಟ್ರೆ ಒಳ್ಳೆ ಇಟ್ಟಿಗೆ ಆಗ್ತದೆ.” ಒಂದನ್ನು ಉದ್ದಕ್ಕೆ ಹೊಸೆದು ಅವನ ಎಡಗೈಗೆ ಕೊಟ್ಟೆ. ಹಿಡಿದ. ಪೆಟ್ಟಾದ ಕೈಯಲ್ಲಿ ಬಲ ಸಾಲಲಿಲ್ಲ. ಮೇಲಿನಿಂದ ಒತ್ತಬೇಕಾಯಿತು. ಅವನ ಬೆರಳುಗಳ ಮೇಲೆ ನನ್ನ ಎರಡೂ ಕೈಗಳನ್ನಿಟ್ಟು ಒತ್ತಿದೆ. ಎಂಟು ತಿಂಗಳಲ್ಲಿ ನಾನು ಹಿಡಿದ ಮೊದಲ ಕೈ ಅದು; ಅದೂ ಮುನಿಯಪ್ಪನದು. ಬಿಡುವುದು ಸ್ವಲ್ಪ ತಡವಾಯಿತೆಂದು ಕಾಣುತ್ತದೆ.

“ಅಣ್ಣಾ, ಅಳತೆ ಆಯ್ತು” ಎಂದ ಮೆಲ್ಲಗೆ.

ಆ ಅಳತೆಯ ಮುದ್ದೆಯನ್ನು ಹಲಗೆಯ ಮೇಲಿಟ್ಟೆವು. ಉಳಿದೆರಡನ್ನು ಏನು ಮಾಡುತ್ತೀರಿ, ಸಾರು ಎಲ್ಲಿ ಎಂದು ಕೇಳಿದ. ಉಪ್ಪು ಇದೆ ಎಂದೆ. “ಥೂ, ಅನ್ನಕ್ಕೆ ಹಂಗೆಲ್ಲ ಅವಮಾನ ಮಾಡ್ಬಾರ್ದು” ಎಂದು ಗದರಿಸಿ, ಹಿಂದಿನ ಬೀದಿಯ ತನ್ನ ಮನೆಗೆ ಓಡಿ, ಒಂದು ಪಾತ್ರೆ ಹುರುಳಿಕಾಳಿನ ಬಸ್ಸಾರು ತಂದ. ಗದರಿಸಿದ್ದು ಹಿತವಾಗಿತ್ತು. ಇಬ್ಬರೂ ಕುಳಿತೆವು. ಅವನು ಊರಿನ ಮಾವಿನ ತೋಪಿನ ಕಥೆ ಹೇಳಿದ. ನಾನು ಗೌರಮ್ಮ ಕಾಗೆ ಕಾದ ಕಥೆ ಹೇಳಿದೆ, ಕಿರುಬೆರಳಿನ ಸುಳ್ಳನ್ನೂ ಹೇಳಿದೆ. ಅದನ್ನು ಯಾರಿಗೂ ಹೇಳಿರಲಿಲ್ಲ. ಅವನು ನಕ್ಕ, ನಾನೂ ನಕ್ಕೆ. ಊಟ ಮುಗಿಸಿ ಅವನು ಕೈತೊಳೆಯಲು ಹಿತ್ತಲಿಗೆ ಹೋದ. ನಾನು ಸಾರಿನ ಪಾತ್ರೆಯನ್ನು ಎಳೆದುಕೊಂಡು, ಅವಳನ್ನೇ ನೆನೆಯುತ್ತ ಕುಳಿತೆ. ಅವನು ಬಂದು ಹಲಗೆ ನೋಡಿದ, ನನ್ನ ತಟ್ಟೆ ನೋಡಿದ.

“ಅಣ್ಣಾ, ನನ್ ಕೈ ಎಲ್ಲಿ?”

ತಟ್ಟೆಯಲ್ಲಿ ಹೆಬ್ಬೆರಳಿನ ಗುರುತಿದ್ದ ಒಂದು ತುತ್ತು ಉಳಿದಿತ್ತು. ದುಃಖದಲ್ಲಿ ಊಟ ಸೇರುವುದಿಲ್ಲ ಎಂದು ಬಂದವರಿಗೆಲ್ಲ ಹೇಳುತ್ತಿದ್ದವನು ನಾನು. ಅದನ್ನು ಏನು ಮಾಡಬೇಕೆಂದು ತಿಳಿಯದೆ, ಅವನ ಎದುರಿಗೇ ಅದನ್ನೂ ನುಂಗಿದೆ.

ಮಾರನೆಯ ವಾರ ಮತ್ತೆ ಅಳತೆಯಾಯಿತು. ಮುನಿಯಪ್ಪ ಅದನ್ನು ಎಲೆಯಲ್ಲಿ ಸುತ್ತಿ ನನ್ನ ಕೈಗೆ ಕೊಡದೆ ನೆಟ್ಟಗೆ ಗಂಗಾಚಾರಿಯ ಮನೆಗೆ ನಡೆದ. ಹೊಸ ಹಿಡಿ ಬಂದಿದೆ. ಬೈರಿಗೆ ಈಗ ಅವನ ಮಾತು ಕೇಳುತ್ತದೆ. ಹಳೆಯದು ನಮ್ಮ ಮನೆಯ ಗೋಡೆಯ ಗೂಡಿನಲ್ಲಿದೆ. ಭಾನುವಾರ ಭಾನುವಾರ ಮುನಿಯಪ್ಪನ ಹೆಂಡತಿ ಒಂದು ಪಾತ್ರೆ ಸಾರು ಕಳಿಸುತ್ತಾಳೆ. ಜೊತೆಗೆ ಒಂದು ಮಾತನ್ನೂ ಕಳಿಸುತ್ತಾಳಂತೆ: “ಅಣ್ಣಯ್ಯಂಗೆ ಹೇಳು, ಪಾತ್ರೆ ವಾಪಸ್ ಕೊಡ್ಬೇಕು, ಅದನ್ನೂ ತಿಂದುಬಿಟ್ಟಾರು.” ನಾನು ಪಾತ್ರೆಯನ್ನು ತೊಳೆದೇ ಕಳಿಸುತ್ತೇನೆ. ತೊಳೆಯುವಂಥದ್ದು ಅದರಲ್ಲಿ ಏನೂ ಉಳಿದಿರುವುದಿಲ್ಲ ಎಂಬುದು ಬೇರೆ ಮಾತು.