ಎಮ್ಮೆ ಮಾರಲು ಹೋದ ಮೇಷ್ಟ್ರು

ದಲ್ಲಾಳಿಗಳನ್ನು ಬೈಯುವುದರಲ್ಲಿ ನನಗೆ ಇಪ್ಪತ್ತಾರು ವರ್ಷಗಳ ಅನುಭವವಿದೆ. ಹಿರಿಯೂರಿನ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವವನು ನಾನು. 'ಮಧ್ಯವರ್ತಿಗಳಿಂದ ರೈತರಿಗೂ ಗ್ರಾಹಕರಿಗೂ ಆಗುವ ತೊಂದರೆಗಳನ್ನು ವಿವರಿಸಿ' ಎಂಬ ಪ್ರಶ್ನೆಗೆ ಐದು ಅಂಶಗಳ ಉತ್ತರವನ್ನು ಪ್ರತಿ ವರ್ಷವೂ ಬರೆಸುತ್ತಿದ್ದೆ. ಬರೆಸಿ ಬರೆಸಿ ಕೊನೆಗೆ ನನಗೇ ಅದರಲ್ಲಿ ನಂಬಿಕೆ ಬಂದುಬಿಟ್ಟಿತ್ತು. ಒಮ್ಮೆ ಅಂಗಡಿಯವನ ಲಾಭ ತಪ್ಪಿಸಬೇಕೆಂದು, ಬಸ್ಸಿಳಿದು ಎರಡು ಗಂಟೆ ನಡೆದು, ಕಂಬಳಿ ನೇಯುವವರ ಹಳ್ಳಿಗೇ ಹೋಗಿದ್ದೆ. ನೇಯ್ದದ್ದೆಲ್ಲ ಬೆಳಿಗ್ಗೆಯೇ ನಿಮ್ಮೂರ ಅಂಗಡಿಗೆ ಹೋಯಿತಲ್ಲ ಎಂದು ಅಲ್ಲಿಯ ಅಜ್ಜ ಒಂದು ಲೋಟ ಮಜ್ಜಿಗೆ ಕೊಟ್ಟು ಕಳಿಸಿದ. ಮಜ್ಜಿಗೆಯಾದರೂ ಮಧ್ಯವರ್ತಿಯಿಲ್ಲದೆ ಸಿಕ್ಕಿತಲ್ಲ ಎಂದು ಸಮಾಧಾನ ಮಾಡಿಕೊಂಡು ಹಿಂದಿರುಗಿದೆ.

ಇಂಥ ನಾನು ಎಮ್ಮೆ ಮಾರಬೇಕಾಗಿ ಬಂತು. ನೀಲಿ ಎಂಬ ಆ ಎಮ್ಮೆ, ನನ್ನ ಹೆಂಡತಿ ಗೌರಮ್ಮನ ತವರಾದ ಹೊಸದುರ್ಗದಿಂದ ಕರುವಾಗಿದ್ದಾಗಲೇ ನಮ್ಮ ಮನೆಗೆ ಬಂದದ್ದು. ಗೌರಮ್ಮನ ಕೈಗೆ ತಂಬಿಗೆ ತುಂಬ ಹಾಲು ಕೊಡುತ್ತಿತ್ತು. ಗಂಡಸರು ಮಾತ್ರ ಹತ್ತಿರ ಹೋಗುವಂತಿರಲಿಲ್ಲ, ಹೋದರೆ ಒದೆಯುತ್ತಿತ್ತು. ಹೀಗಿರುವಾಗ ಗೌರಮ್ಮ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟಿನ ಮೂಳೆ ಮುರಿದುಕೊಂಡಳು. ಇನ್ನು ಈ ಕೈಯಲ್ಲಿ ಹಾಲು ಕರೆಯುವ ಯೋಚನೆ ಬಿಟ್ಟುಬಿಡಿ ಎಂದರು ಡಾಕ್ಟರು. ನಾಲ್ಕು ದಿನ ಪಕ್ಕದ ಮನೆಯಾಕೆ ಬಂದು ಕರೆದುಕೊಟ್ಟರು. ಐದನೆಯ ದಿನ ಅವರು ಮಗಳ ಬಾಣಂತನಕ್ಕೆ ಹೊರಟುಹೋದರು. ಬೇರೆ ದಾರಿಯಿಲ್ಲದೆ, ಹೆಂಡತಿಯ ಹಳೆಯ ಸೀರೆಯೊಂದನ್ನು ಹೊದ್ದು ನಾನೇ ಹೋಗಿ ಕುಳಿತೆ. ನೀಲಿ ಕತ್ತು ತಿರುಗಿಸಿ, ಸುಳ್ಳು ರಜಾ ಚೀಟಿಯನ್ನು ಹೆಡ್‌ಮಾಸ್ಟರು ನೋಡುವ ಹಾಗೆ, ನನ್ನನ್ನು ನಿಧಾನವಾಗಿ ನೋಡಿತು. ಆಮೇಲೆ ತಂಬಿಗೆ ಒಂದು ಕಡೆಗೆ, ನಾನು ಒಂದು ಕಡೆಗೆ.

ಮಾರೋಣ ಎಂದವಳು ಗೌರಮ್ಮನೇ. ಹಾಗೆನ್ನುವಾಗ ಅವಳ ಮುಖ ನೋಡಲಾಗಲಿಲ್ಲ. "ಲಾರಿಗೆ ತುಂಬ್ಸೋರಿಗೆ ಮಾತ್ರ ಕೊಡಬ್ಯಾಡ್ರಿ. ಸಾಕೋರ ಮನೆಗೆ ಹೋಗ್ಲಿ. ದಲ್ಲಾಳಿ ತಿಪ್ಪೇಸ್ವಾಮಿಗೆ ಒಂದು ಮಾತು ಹೇಳ್ರಿ" ಎಂದಳು. "ನಮ್ಮ ಎಮ್ಮೆ ಮಾರೋಕೆ ನಡುವೆ ಅವನ್ಯಾಕೆ?" ಎಂದು ನಾನು ಐದು ಅಂಶಗಳನ್ನೂ ಅವಳ ಮುಂದೆ ಒಪ್ಪಿಸಿದೆ. ಸಂತೆಯ ದಿನ ಅವಳು ಎಡಗೈಯಲ್ಲೇ ನೀಲಿಗೆ ಬೆಲ್ಲ ತಿನ್ನಿಸಿ, ಹಣೆ ಸವರಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ದನದ ಸಂತೆಯಲ್ಲಿ ನೀಲಿಯ ಮೈಕಟ್ಟು ನೋಡಿ ಬಂದವರು ಬಹಳ. ಮೊದಲು ಬಂದವನು ಹೊಳಲ್ಕೆರೆ ಕಡೆಯ ರೈತ. "ಒದೀತದೇನ್ರಿ?" ಎಂದ. ಸತ್ಯ ಹೇಳುವುದು ನನಗೆ ಅಭ್ಯಾಸ. "ಗಂಡಸರನ್ನು ಮಾತ್ರ" ಎಂದು ಪಂಚೆ ಸ್ವಲ್ಪ ಎತ್ತಿ, ಬಾತುಕೊಂಡಿದ್ದ ಮೊಣಕಾಲನ್ನೂ ತೋರಿಸಿದೆ. ಅವನು ಮೊಣಕಾಲನ್ನು ನೋಡಿದ, ಎಮ್ಮೆಯನ್ನು ನೋಡಿದ, ಹೊರಟುಹೋದ. ಮಧ್ಯಾಹ್ನದವರೆಗೂ ಇದೇ ಕಥೆ. ನನ್ನ ಮೊಣಕಾಲನ್ನು ಅರ್ಧ ತಾಲ್ಲೂಕು ನೋಡಿತೆಂದು ಕಾಣುತ್ತದೆ.

ಆಮೇಲೆ ದಪ್ಪ ಮೀಸೆಯವನೊಬ್ಬ ಬಂದ. ಏನೂ ಕೇಳದೆ ನನ್ನ ಕೈ ಹಿಡಿದು, ಅದರ ಮೇಲೆ ಟವೆಲ್ ಹೊದಿಸಿ, ಬೆರಳುಗಳನ್ನು ಅಮುಕತೊಡಗಿದ. ಟವೆಲ್ಲಿನ ಕೆಳಗೆ ಬೆರಳಲ್ಲೇ ಬೆಲೆ ಮಾತಾಡುತ್ತಾರೆಂದು ಕೇಳಿದ್ದೆನೇ ಹೊರತು ಆ ಭಾಷೆ ನನಗೆ ಬಾರದು. ಬೆಳಗಿನಿಂದ ನನ್ನೊಡನೆ ಇಷ್ಟು ಆದರದಿಂದ ನಡೆದುಕೊಂಡವನು ಇವನೊಬ್ಬನೇ ಎನ್ನಿಸಿ, ನಾನೂ ವಿಶ್ವಾಸದಿಂದ ಅವನ ಬೆರಳುಗಳನ್ನು ಎರಡು ಸಲ ಅಮುಕಿದೆ. "ಆತು ಬಿಡ್ರಿ, ಯಾಪಾರ ಮುಗೀತು" ಎಂದವನೇ ಹಗ್ಗ ಹಿಡಿದು ನಡೆದ. ಎಲ್ಲಿಗೆಂದು ನೋಡಿದರೆ, ಹುಣಸೆಮರದ ಹಿಂದೆ ಹಲಗೆ ಇಳಿಸಿಕೊಂಡು ನಿಂತ ಲಾರಿ.

ಓಡಿಹೋಗಿ ಹಗ್ಗದ ಇನ್ನೊಂದು ಕಡೆ ಹಿಡಿದುಕೊಂಡೆ. "ನಾನು ಸುಮ್ಮನೆ ಕೈ ಕುಲುಕಿದೆ ಕಣಪ್ಪ!" ಎಂದೆ. "ಸಂತೇಲಿ ಯಾರಾನ ಸುಮ್ನೆ ಕೈ ಕುಲುಕ್ತಾರೇನ್ರಿ?" ಎಂದ ಅವನು. ಸುತ್ತ ಸೇರಿದ ಜನ ನಕ್ಕರು. ಗೌರಮ್ಮ ಹಾಕಿಕೊಂಡ ಬಾಗಿಲು ಕಣ್ಣ ಮುಂದೆ ಬಂದು, ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡೆ.

ಜನರ ನಡುವಿನಿಂದ ಜಾಗ ಮಾಡಿಕೊಂಡು ಬಂದವನು ತಿಪ್ಪೇಸ್ವಾಮಿ. "ಅಣ್ಣ, ಹಗ್ಗ ಬಿಡು. ಇವ್ರು ನಮ್ ಮೇಷ್ಟ್ರು. ಬೆರಳ್ ಮಾತು ಇವರಿಗೆ ಬರಲ್ಲ. ಬಾರದೋರ ಕೈ ಅಮುಕಿ ಯಾಪಾರ ಆತು ಅಂದ್ರೆ ಸಂತೆ ಒಪ್ತದಾ?" ಎಂದ. ಮೀಸೆಯವನು ಗೊಣಗಿದ. ನೀಲಿಗೂ ತನ್ನ ಅಭಿಪ್ರಾಯ ಹೇಳಬೇಕೆನ್ನಿಸಿರಬೇಕು. ಅವನ ಮೊಣಕಾಲಿಗೊಂದು ಕೊಟ್ಟಿತು. ಅಲ್ಲಿಗೆ ಹಗ್ಗ ನನ್ನ ಕೈಗೆ ಬಂತು.

"ಕುಂತ್ಕಳ್ರಿ ಮೇಷ್ಟ್ರೇ, ಟೀ ಕುಡೀರಿ" ಎಂದ ತಿಪ್ಪೇಸ್ವಾಮಿ. ಅವನು ನನ್ನ ಹಳೆಯ ವಿದ್ಯಾರ್ಥಿ. "ಮಧ್ಯವರ್ತಿಗಳ ತೊಂದ್ರೆ ಅಂತ ಐದು ಪಾಯಿಂಟ್ ಬರೆಸ್ತಿದ್ರಲ್ಲ, ಅದಕ್ಕೆ ನಂಗೆ ಪೂರ್ತಿ ಮಾರ್ಕ್ಸ್ ಕೊಟ್ಟಿದ್ರಿ!" ನಾನು ಟೀಯಲ್ಲಿ ಏನೋ ಬಿದ್ದಿದೆಯೆಂಬಂತೆ ಲೋಟದೊಳಗೇ ನೋಡುತ್ತ ಕುಳಿತೆ.

ಅರ್ಧ ಗಂಟೆಯೊಳಗೆ ಅವನು ವಯಸ್ಸಾದ ಇಬ್ಬರು ಹೆಂಗಸರನ್ನು ಕರೆತಂದ. ಜವನಗೊಂಡನಹಳ್ಳಿಯ ಅಕ್ಕತಂಗಿಯರು, ರಂಗಮ್ಮ ಮತ್ತು ತಿಮ್ಮಕ್ಕ. ಹೋಟೆಲುಗಳಿಗೆ ಹಾಲು ಹಾಕುವವರು. "ಇವ್ರ ಮನೇಲಿ ಗಂಡಸ್ರೇ ಇಲ್ಲ ಮೇಷ್ಟ್ರೇ" ಎಂದು ನನಗೆ ಹೇಳಿ, ಅವರ ಕಡೆ ತಿರುಗಿ, "ನೋಡವ್ವಾ, ಮುಚ್ಚುಮರೆ ಇಲ್ಲ, ಇದು ಗಂಡಸ್ರನ್ನ ಒದೀತದೆ" ಎಂದ. ರಂಗಮ್ಮ ಬಾಯ್ತುಂಬ ನಕ್ಕಳು. "ಒಳ್ಳೇದೇ ಆತು ಬಿಡು. ಕೊಟ್ಟಿಗೆಗೆ ಬೇರೆ ಕಾವಲು ಬೇಕಿಲ್ಲ" ಎಂದಳು. ತಿಮ್ಮಕ್ಕ ಕುಕ್ಕರುಗಾಲಲ್ಲಿ ಕುಳಿತು ಕೆಚ್ಚಲು ಮುಟ್ಟಿದಳು. ನೀಲಿ ಕಣ್ಣು ಅರೆಮುಚ್ಚಿ ಮೆಲುಕು ಹಾಕತೊಡಗಿತು. ಬೆಳಗಿನಿಂದ ನಾನು ದೋಷವೆಂದು ಸಾರುತ್ತಿದ್ದದ್ದು ಯಾರ ಮನೆಯಲ್ಲಿ ಗುಣವಾಗುತ್ತದೆಂದು ಅವನೊಬ್ಬನಿಗೆ ಗೊತ್ತಿತ್ತು. ಅವನ ದಲ್ಲಾಳಿ ಹಣವನ್ನು ನಾನು ಇಷ್ಟು ಸಂತೋಷದಿಂದ ಕೊಡುತ್ತೇನೆಂದು ನನಗೂ ಗೊತ್ತಿರಲಿಲ್ಲ. "ನಿಮ್ಮನೆ ಅಕ್ಕಾರಿಗೆ ಹೇಳ್ರಿ, ನೋಡಬೇಕು ಅನ್ನಿಸಿದಾಗ ಬರ್ಲಿ" ಎಂದು ರಂಗಮ್ಮ ಹೇಳಿದಾಗ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಮನೆಗೆ ಬಂದು ಎಲ್ಲ ಹೇಳಿದೆ. ಟವೆಲ್ಲನ್ನೂ ತಿಪ್ಪೇಸ್ವಾಮಿಯನ್ನೂ ಬಿಟ್ಟು. ಗೌರಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕಳು. ಎಷ್ಟೋ ದಿನಗಳ ಮೇಲೆ ಕಂಡ ನಗು. ಆಮೇಲೆ, "ತಿಪ್ಪೇಸ್ವಾಮಿ ಹೊತ್ತಿಗೆ ಸರಿಯಾಗಿ ಬಂದ್ನಾ? ನಿನ್ನೇನೇ ಅವನ ಹೆಂಡ್ತಿಗೆ ಹೇಳಿದ್ದೆ, ಎಮ್ಮೆಗಿಂತ ನಮ್ಮನೇರ ಮೇಲೆ ಒಂದು ಕಣ್ಣಿಟ್ಟಿರಾಕೆ ಹೇಳು ಅಂತ" ಎಂದಳು. ನಾಚಿಕೆಯಾಗಬೇಕಿತ್ತು, ಆದದ್ದು ನೆಮ್ಮದಿ.

ಆದರೂ ಸ್ಟಾಫ್ ರೂಮಿನಲ್ಲಿ, ನಾನೊಬ್ಬನೇ ಹೋಗಿ ಒಳ್ಳೆಯ ಮನೆ ನೋಡಿ ಮಾರಿ ಬಂದೆ ಎಂದುಬಿಟ್ಟೆ. ಸುದ್ದಿ ಹಬ್ಬಿತು. ಈಗ ದನ ಕೊಳ್ಳುವವರೂ ಮಾರುವವರೂ ನಮ್ಮ ಮನೆಗೆ ಬಂದು ಸಲಹೆ ಕೇಳುತ್ತಾರೆ. ನಾನು ಗಂಭೀರವಾಗಿ ಕೇಳಿಸಿಕೊಂಡು, ವಿಚಾರ ಮಾಡಿ ನಾಳೆ ಹೇಳುತ್ತೇನೆ ಎಂದು ಕಳಿಸಿ, ಹಿಂಬಾಗಿಲಿನಿಂದ ತಿಪ್ಪೇಸ್ವಾಮಿಯ ಮನೆಗೆ ಹೋಗಿ ಬರುತ್ತೇನೆ.