ಎಣ್ಣೆ ತಲೆಯ ದಂಗೆ

ತಲೆಗೆ ಎಣ್ಣೆ ಹಚ್ಚಿಕೊಂಡ ಮೇಲೆ ನೀರು ನಿಂತರೆ ಮನುಷ್ಯನಿಗೆ ಏನಾಗುತ್ತೆ ಅನ್ನೋದನ್ನ ಜರಗನಹಳ್ಳಿಯ ಜಯಸಿಂಹನನ್ನೇ ಕೇಳಬೇಕು. ಭಾನುವಾರ ಬೆಳಗ್ಗೆ ಹೆಂಡತಿ ಹಂಸಾ ಅವನ ನೆತ್ತಿಗೆ ಬಟ್ಟಲು ಹರಳೆಣ್ಣೆ ತಟ್ಟಿ, "ಹೋಗಿ ಇನ್ನು" ಅಂದಳು. ಬಚ್ಚಲಿಗೆ ಹೋಗಿ ತಿರುಗಿಸಿದರೆ ನಲ್ಲಿ ಒಂದು ಸಲ ಕೆಮ್ಮಿ ಸುಮ್ಮನಾಯಿತು. ಗಂಟೆ ಹತ್ತು.

ಹತ್ತು ಅಂದರೆ ಹತ್ತೇ, ಆಮೇಲೆ ನೀರಿಲ್ಲ. ಬೋರ್‌ವೆಲ್ ಸೊರಗಿದ ಮೇಲೆ ಅಪಾರ್ಟ್‌ಮೆಂಟಿನ ಸೆಕ್ರೆಟರಿ ನರೇಂದ್ರ ಮಾಡಿದ್ದ ಕಾನೂನು ಅದು. ವಾಲ್ವ್ ರೂಮಿನ ಬೀಗದ ಕೈ ಸದಾ ಅವರ ಸೊಂಟದಲ್ಲಿ.

ಜಯಸಿಂಹ ಬನಿಯನ್, ಪಂಚೆಯಲ್ಲೇ ಕೆಳಗಿಳಿದ. ಪಾರ್ಟಿ ಹಾಲಿನಲ್ಲಿ ಇಡೀ ಅಪಾರ್ಟ್‌ಮೆಂಟೇ ಕೂತು ಯಾವುದೋ ಹಳೇ ಇಂಗ್ಲಿಷ್ ಸಿನಿಮಾ ನೋಡುತ್ತಿತ್ತು. ಆಗಲೇ ಅರ್ಧ ಓಡಿತ್ತು. ವಾಲ್ವ್ ಮುಚ್ಚಿ ಬಂದ ನರೇಂದ್ರ ಮುಂದಿನ ಸಾಲಿನಲ್ಲಿದ್ದರು.

"ಸಾರ್, ಎರಡೇ ಬಕೆಟ್ಟು. ಎಣ್ಣೆ ಹಚ್ಕೊಂಡ್ಬಿಟ್ಟಿದೀನಿ."

"ಹಚ್ಕೊಳ್ಳಿ ಅಂತ ನಾನು ಹೇಳಿದ್ನಾ? ಸಂಜೆ ಆರಕ್ಕೆ ಬಿಡ್ತೀನಿ. ಕೂತ್ಕೊಂಡು ಸಿನಿಮಾ ನೋಡಿ, ಚೆನ್ನಾಗಿದೆ."

"ಅಯ್ಯೋ, ಇಲ್ಲಿ ಬೇಡಪ್ಪಾ, ನನ್ನ ಸೀರೆ!" ಎಂದು ಪಕ್ಕದ ಮನೆಯ ಅಮ್ಮಣ್ಣಿ ಎರಡು ಕುರ್ಚಿ ಆಚೆ ಸರಿದರು.

ಕಣ್ಣಿಗಿಳಿದ ಎಣ್ಣೆ ಒರೆಸಿಕೊಂಡು ನೋಡಿದರೆ ಪರದೆಯ ಮೇಲೊಂದು ಯುದ್ಧದ ಹಾಯಿಹಡಗು. ಗಂಟುಮೋರೆಯ ಕ್ಯಾಪ್ಟನ್ ನಾವಿಕರಿಗೆ ಕುಡಿಯುವ ನೀರನ್ನು ಲೋಟದಲ್ಲಿ ಅಳೆದು ಕೊಡುತ್ತಿದ್ದಾನೆ. ಇನ್ನೊಂದು ಗುಟುಕು ಕೇಳಿದವನಿಗೆ ಚಾಟಿಯೇಟು. ಕೊನೆಗೊಬ್ಬ ತಿರುಗಿಬಿದ್ದ, ಎಲ್ಲರೂ ತಿರುಗಿಬಿದ್ದರು. ಕ್ಯಾಪ್ಟನ್ನನ್ನು ಹಿಡಿದು ಸಣ್ಣ ದೋಣಿಗೆ ಇಳಿಸಿಯೇಬಿಟ್ಟರು!

ಜಯಸಿಂಹನಿಗೆ ಮೈಯೆಲ್ಲ ಜುಮ್ ಅಂತು. ಆಫೀಸಿನಲ್ಲಿ ಅರ್ಧ ದಿನ ರಜಾ ಕೇಳೋಕೂ ಬೆವರುವ ಪ್ರಾಣಿ, ಕುರ್ಚಿ ಹತ್ತಿ ನಿಂತುಬಿಟ್ಟ.

"ನೋಡಿದ್ರೇನ್ರೀ? ಅವರು ಸಮುದ್ರದ ಮಧ್ಯೆ, ನಾವು ಕನಕಪುರ ರೋಡ್ ಪಕ್ಕ. ಇನ್ನೇನು ವ್ಯತ್ಯಾಸ? ಎಷ್ಟು ದಿನ ಸಹಿಸ್ಕೋತೀರ? ನಮ್ ನೀರು ನಮಗೆ!"

ಮೊದಲು ಅಮ್ಮಣ್ಣಿಯೇ ಎದ್ದರು. "ಹೌದ್ರೀ! ನಾಲ್ಕು ದಿನದಿಂದ ನಮ್ಮನೇಲಿ ಬೆಡ್‌ಶೀಟ್ ಒಗೆದಿಲ್ಲ!"

ಹಾಲಿಗೆ ಹಾಲೇ ಎದ್ದಿತು. "ಕೀ ಕೊಡ್ರೀ ನರೇಂದ್ರ!" "ಜಯಸಿಂಹನೇ ಸೆಕ್ರೆಟರಿ!"

ನರೇಂದ್ರ ಚಕ್ಕನೆ ಬೀಗದ ಕೈ ಬಿಚ್ಚಿ ಕೊಟ್ಟು ಹೊರಟೇಹೋದರು. ಪಾಪ ಅನ್ನಿಸಬೇಕಿತ್ತು, ಯಾರಿಗೂ ಅನ್ನಿಸಲಿಲ್ಲ.

ಜಯಸಿಂಹನನ್ನು ಹೆಗಲ ಮೇಲೆ ಹೊರಲು ಹೋದವರು ಎಣ್ಣೆಗೆ ಜಾರಿ ಕೈಬಿಟ್ಟರು. ಆದರೇನು, ಮೆರವಣಿಗೆಯಲ್ಲೇ ಹೋಗಿ ವಾಲ್ವ್ ತಿರುಗಿಸಿದ. ಜೈಕಾರ ಹಾಕಿ ಎಲ್ಲರೂ ಮನೆಗೆ ಓಡಿದರು. ಮೂರನೇ ಮಹಡಿಯ ತನ್ನ ಮನೆ ಮುಟ್ಟೋಕೆ ಇವನಿಗೆ ಒಂದು ಗಂಟೆ ಹಿಡಿಯಿತು. ಪ್ರತಿ ಮಹಡಿಯಲ್ಲೂ ತಡೆದು ಕೈ ಕುಲುಕಿ ಕಾಫಿ ಕೊಟ್ಟರು. ಜನ್ಮದಲ್ಲೇ ಯಾರೂ ಅವನಿಗೆ ಅಷ್ಟು ಮರ್ಯಾದೆ ಕೊಟ್ಟಿರಲಿಲ್ಲ.

ಎದೆಯುಬ್ಬಿಸಿ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದ. ಒಂದು ತೊಟ್ಟೂ ಇಲ್ಲ. ನಲವತ್ತು ಮನೆಯ ವಾಷಿಂಗ್ ಮಷೀನುಗಳು ಸೇರಿ ಟ್ಯಾಂಕನ್ನು ತಳದವರೆಗೆ ಕುಡಿದು ಮುಗಿಸಿದ್ದವು.

ಅಷ್ಟರಲ್ಲಿ ಯಾರೋ ಬಾಗಿಲು ದಬದಬ ಬಡಿದರು. ತೆಗೆದರೆ ನರೇಂದ್ರ! ಸೊಂಟಕ್ಕೆ ಟವೆಲ್ಲು, ತಲೆ ತುಂಬ ಎಣ್ಣೆ.

"ಏನ್ರೀ ಸೆಕ್ರೆಟರಿ! ಎಣ್ಣೆ ಹಚ್ಕೊಂಡು ಕೂತಿದೀನಿ, ನೀರೆಲ್ರೀ? ಟ್ಯಾಂಕರ್‌ನೋನಿಗೆ ಫೋನ್ ಮಾಡೋಕೆ ನಿಮಗೇನು ಧಾಡಿ?"

ಬೈದು ಮುಗಿಸಿದವರ ಮುಖ ಮದುವೆ ಗಂಡಿನ ಹಾಗೆ ಅರಳಿತ್ತು.

"ಅಬ್ಬಾ! ಎಷ್ಟು ಹಗುರ ಆಯ್ತು ಗೊತ್ತಾ? ಮೂರು ವರ್ಷದಿಂದ ರಾಜೀನಾಮೆ ಕೊಡ್ತಾನೇ ಇದೀನಿ, ಒಬ್ರೂ ತಗೊಳ್ಲಿಲ್ಲ. ಕೊನೆಗೆ ಆ ಸಿನಿಮಾ ನಾನೇ ಹುಡುಕಿ ತಂದು ಹಾಕಿದೆ ಕಣ್ರೀ!"